ಎದ್ದು ನಿಂತ ಮಾತ್ರಕ್ಕೆ ಆಟಗಾರ ಸರಿಹೋದ ಎಂದಲ್ಲ

1998ರ ಫೆಬ್ರವರಿ 20. ಢಾಕಾದಲ್ಲಿ ಕ್ಲಬ್ ಕ್ರಿಕೆಟ್ ಪಂದ್ಯ. ಭಾರತದ ಮಾಜಿ ಆಟಗಾರ ರಮಣ್ ಲಾಂಬಾ ಹೆಲ್ಮೆಟ್ ಹಾಕದೆ ಬ್ಯಾಟ್ಸ್‌ಮನ್‌ಗೆ ತೀರಾ ಹತ್ತಿರ ಫೀಲ್ಡಿಂಗ್‌ಗೆ ನಿಂತಿದ್ದರು. ಹೊಡೆದ ಚೆಂಡು ತಲೆಗೆ ಬಡಿಯಿತು. ಲಾಂಬಾ ಎದ್ದು, ನಡೆದುಕೊಂಡೇ ಮೈದಾನದಿಂದ ಹೊರಬಂದರು. ಸ್ವಲ್ಪ ಹೊತ್ತಿನಲ್ಲೇ ಸ್ಥಿತಿ ಬಿಗಡಾಯಿಸಿತು. ಆಪರೇಷನ್ ಮಾಡಿದರೂ ಉಳಿಯಲಿಲ್ಲ. 3 ದಿನಗಳ ನಂತರ ತೀರಿಕೊಂಡರು. ವಯಸ್ಸು 38.

ನಮ್ಮೂರ ಕಬಡ್ಡಿ, ಟೆನಿಸ್ ಬಾಲ್ ಪಂದ್ಯಗಳಲ್ಲಿ ಹುಡುಗ ತಲೆಗೆ ಪೆಟ್ಟು ತಿಂದು ಬಿದ್ದರೆ ಏನು ಮಾಡುತ್ತೇವೆ? ಮುಖಕ್ಕೆ ನೀರು ಎರಚಿ, ಬೆನ್ನು ತಟ್ಟಿ, "ಏನಾಗಿಲ್ಲ, ಆಡು" ಎನ್ನುತ್ತೇವೆ. ಈ ಮಾತು ತಪ್ಪು ಎಂದು ಕ್ರೀಡಾಲೋಕ ಕಲಿಯಲು ಬಹಳ ವರ್ಷ ಹಿಡಿಯಿತು.

1928ರಲ್ಲೇ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಬಾಕ್ಸರ್‌ಗಳ ಬಗ್ಗೆ ಬರೆದಿದ್ದರು. ವರ್ಷಗಟ್ಟಲೆ ತಲೆಗೆ ಗುದ್ದು ತಿಂದವರು ಕುಡಿದವರಂತೆ ತೂರಾಡುತ್ತಾರೆ, ಮಾತು ತೊದಲುತ್ತದೆ ಎಂದು ತೋರಿಸಿದ್ದರು. ಆದರೆ ಅದು ಬಾಕ್ಸಿಂಗ್‌ನವರ ಕಾಯಿಲೆ ಎಂದು ಉಳಿದವರು ಸುಮ್ಮನಾದರು.

2006ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 13 ವರ್ಷದ ಜ್ಯಾಕರಿ ಲಿಸ್ಟೆಡ್ ಎಂಬ ಶಾಲಾ ಹುಡುಗ ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟು ತಿಂದ. ಸ್ವಲ್ಪ ಸುಧಾರಿಸಿಕೊಂಡು ಅದೇ ಪಂದ್ಯದಲ್ಲಿ ಮತ್ತೆ ಆಡಿದ. ಪಂದ್ಯ ಮುಗಿಯುತ್ತಲೇ ಕುಸಿದುಬಿದ್ದ. ಜೀವ ಉಳಿಯಿತು, ಆದರೆ ನಡೆಯುವುದನ್ನು, ಮಾತಾಡುವುದನ್ನು ಹೊಸದಾಗಿ ಕಲಿಯಬೇಕಾಯಿತು. 2009ರಲ್ಲಿ ಆ ರಾಜ್ಯ ಅವನ ಹೆಸರಿನಲ್ಲೇ ಕಾನೂನು ತಂದಿತು: ಅನುಮಾನ ಬಂದರೆ ಮಗುವನ್ನು ಆಟದಿಂದ ಹೊರಗೆ ಕರೆತರಬೇಕು, ವೈದ್ಯಕೀಯ ಪರಿಣತರು ಬರೆದುಕೊಟ್ಟ ಮೇಲೆಯೇ ಮತ್ತೆ ಆಟ. ಮುಂದೆ ಅಮೆರಿಕದ ಎಲ್ಲ 50 ರಾಜ್ಯಗಳೂ ಇಂಥ ಕಾನೂನು ಮಾಡಿದವು.

ದೊಡ್ಡ ಕ್ರಿಕೆಟ್ ಎಚ್ಚೆತ್ತದ್ದು 2019ರಲ್ಲಿ. ಲಾರ್ಡ್ಸ್ ಟೆಸ್ಟ್‌ನಲ್ಲಿ ಆರ್ಚರ್ ಚೆಂಡು ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಅವರು ಹೊರಹೋಗಿ, ಮರಳಿ ಬಂದು ಬ್ಯಾಟ್ ಕೂಡ ಮಾಡಿದರು. ಮಾರನೇ ದಿನ ತಲೆನೋವು, ಮಂಕು. ಅವರ ಬದಲಿಗೆ ಲಬುಶೇನ್ ಆಡಿದರು. ಹೊಸ ನಿಯಮದಡಿ ಟೆಸ್ಟ್‌ನಲ್ಲಿ ಬಂದ ಮೊದಲ ಬದಲಿ ಆಟಗಾರ ಅವರೇ.

ಮಿದುಳು ಹೀಗೆ ಅಲುಗಿ ಏಟು ತಿನ್ನುವುದಕ್ಕೆ ಡಾಕ್ಟರುಗಳು ಕನ್‌ಕಷನ್ ಎನ್ನುತ್ತಾರೆ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಸಿಟಿ ಸ್ಕ್ಯಾನ್‌ನಲ್ಲೂ ಇದು ಕಾಣುವುದಿಲ್ಲ. ಸ್ಕ್ಯಾನ್ ಮಾಡಿಸುವುದು ಒಳಗೆ ರಕ್ತ ಸೋರಿದೆಯೇ, ಮೂಳೆ ಮುರಿದಿದೆಯೇ ಎಂದು ನೋಡಲು. ಹಾಗಾಗಿ ಸ್ಕ್ಯಾನ್ ಇಲ್ಲದ ಊರಿನಲ್ಲೂ ಮೊದಲ ಕೆಲಸ ನಮ್ಮ ಕೈಯಲ್ಲೇ ಇದೆ: ಹುಡುಗನನ್ನು ಆಟದಿಂದ ಹೊರತರುವುದು, ಗಮನವಿಟ್ಟು ನೋಡುವುದು.

ಅವತ್ತು ಮತ್ತೆ ಆಡಿಸಬೇಡಿ, ಒಬ್ಬನನ್ನೇ ಬಿಡಬೇಡಿ, ಬೈಕ್ ಓಡಿಸಲು ಕೊಡಬೇಡಿ. ಡಾಕ್ಟರಿಗೆ ತೋರಿಸಿ. ಪ್ರಜ್ಞೆ ತಪ್ಪಿದ್ದರೆ, ಪದೇ ಪದೇ ವಾಂತಿಯಾದರೆ, ತಲೆನೋವು ಏರುತ್ತಾ ಹೋದರೆ, ಮಂಪರು ಕವಿದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ ಕಾಯದೆ 108ಕ್ಕೆ ಫೋನ್ ಮಾಡಿ. ಕುತ್ತಿಗೆ ನೋವಿದ್ದರೆ ಅಲುಗಾಡಿಸಬೇಡಿ.

ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವ ಹಳೆಯ ಸಲಹೆಯೂ ಈಗಿಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರ ಪ್ರಕಾರ ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಮೊಬೈಲ್ ಕಡಿಮೆ, ಮೆಲ್ಲನೆ ನಡೆದಾಟ. ಆಮೇಲೆ ಹಂತಹಂತವಾಗಿ ಓಟ, ಅಭ್ಯಾಸ. ಡಾಕ್ಟರ್ ಒಪ್ಪಿದ ಮೇಲಷ್ಟೇ ಪಂದ್ಯ.

ಮುಂದಿನ ಟೂರ್ನಮೆಂಟ್‌ನ ಪಾಂಪ್ಲೆಟ್‌ನಲ್ಲಿ ಬಹುಮಾನದ ಮೊತ್ತದ ಕೆಳಗೆ ಒಂದು ಸಾಲು ಸೇರಿಸಿ: ತಲೆಗೆ ಪೆಟ್ಟು ಬಿದ್ದವರು ಅವತ್ತು ಮತ್ತೆ ಆಡುವಂತಿಲ್ಲ, ಬದಲಿ ಆಟಗಾರನಿಗೆ ಅವಕಾಶವಿದೆ. ಇದಕ್ಕೆ ಕಮಿಟಿಗೆ ಒಂದು ರೂಪಾಯಿಯೂ ಖರ್ಚಿಲ್ಲ.