ಒಂದು ರೂಪಾಯಿಯ ಶರಾ

ಹಟ್ಟಿಯಂಗಡಿ ಅಂದ ಕೂಡಲೇ ಎಲ್ಲರಿಗೂ ಸಿದ್ಧಿವಿನಾಯಕನ ನೆನಪು. ನಾನಿವತ್ತು ಹೇಳಹೊರಟಿದ್ದು ನಮ್ಮ ಸೀಮೆಯ ಹಳೇ ಸಾಲದ ಕಥೆ.

1956ರವರೆಗೆ ನಾವು ಮದ್ರಾಸಿನವರು ತಾನೆ? ಹಾಗಾಗಿ ರಾಜಾಜಿ ಸರಕಾರದ 1938ರ ರೈತ ಋಣ ಪರಿಹಾರ ಕಾಯಿದೆ ಇಲ್ಲಿಗೂ ಬಂತು. 1932ರ ಅಕ್ಟೋಬರಿಗೆ ಮೊದಲು ರೈತ ಮಾಡಿದ ಸಾಲಕ್ಕೆ, 1937ರ ಅಕ್ಟೋಬರ್ 1ರಂದು ಬಾಕಿ ಇದ್ದ ಬಡ್ಡಿಯೆಲ್ಲ ವಜಾ. ಅಸಲಿನ ಎರಡರಷ್ಟು ಆಗಲೇ ಕಟ್ಟಿದ್ದರೆ ಸಾಲವೇ ಚುಕ್ತಾ!

ನನಗೆ ಕುತೂಹಲ ಹುಟ್ಟಿಸಿದ್ದು ಮಾತ್ರ ಬೇರೆ. ಪ್ರೋನೋಟಿನ ಆಯಸ್ಸು ಮೂರೇ ವರ್ಷ. ಅಷ್ಟರೊಳಗೆ ದಾವೆ ಹೂಡದಿದ್ದರೆ ಕೋರ್ಟು ಕೈಬಿಡುತ್ತೆ. ಅದಕ್ಕೇ ವಾಯಿದೆ ತೀರುವ ಮುಂಚೆ ವಸೂಲಿಯವ ಅಂಗಳಕ್ಕೆ ಬರ್ತಿದ್ದ. "ಒಂದ್ ರೂಪಾಯ್ ಆರೂ ಕೊಡಿ, ಹಿಂದೆ ಬರ್ದ್ ಸೈನ್ ಹಾಕಿ..." ಆ ರೂಪಾಯಿ ಸಾಲ ತೀರಿಸೋದಕ್ಕಲ್ಲ, ಇನ್ನೂ ಮೂರು ವರ್ಷ ಬದುಕಿಸೋದಕ್ಕೆ! ವಾಯಿದೆ ಮುಗಿದ ಮೇಲೂ ಅಷ್ಟೆ, "ಕೊಡುತ್ತೇನೆ" ಎಂದು ಬರೆದು ಸಹಿ ಹಾಕಿದರೆ ಸತ್ತ ಸಾಲ ಎದ್ದು ಕೂರುತ್ತೆ. 1872ರ ಕರಾರು ಕಾಯಿದೆಯ 25ನೇ ಕಲಮು ಈಗಲೂ ಹಾಗೇ ಇದೆ, ಹುಷಾರು.

1976ರಲ್ಲಿ ಅರಸು ಸರಕಾರ ಸಣ್ಣ ರೈತರು, ಭೂಹೀನ ಕೂಲಿಗಳು ಲೇವಾದೇವಿದಾರರಿಗೆ ಕೊಡಬೇಕಿದ್ದ ಸಾಲವನ್ನು ರದ್ದು ಮಾಡಿತು. ಅಡವಿಟ್ಟ ಒಡವೆಯೂ ವಾಪಸು.

ಅಪ್ಪನ ಸಾಲ ಮಗನ ಧರ್ಮ ಅಂತಾರಲ್ಲ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಮಾಡಿದ ಸಾಲಕ್ಕೆ ಬರೀ ಆ ಧರ್ಮದ ಹೆಸರಲ್ಲಿ ಮಗನ ಮೇಲೆ ದಾವೆ ನಡೆಯೋದಿಲ್ಲ. ಅಪ್ಪ ಬಿಟ್ಟುಹೋದ ಆಸ್ತಿಯಿಂದ ವಸೂಲಿ ಮಾಡಬಹುದು, ಅಷ್ಟೆ.

ನಿಮ್ಮನೆ ಅಟ್ಟದಲ್ಲಿ ಹಳೇ ಪ್ರೋನೋಟು ಸಿಕ್ಕರೆ ಹಿಂಬದಿ ತಿರುಗಿಸಿ ನೋಡಿ. ನಮ್ಮ ಪೆಟ್ಟಿಗೆಯಲ್ಲಿದ್ದ ಒಂದರಲ್ಲಿ ಐದು ಶರಾ ಇದ್ದವು.