ಹೆಜ್ಜಾರ್ಲೆ ಬಳಗ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳನ್ನು ಕಾಯಲು ಊರಿನ ಯುವಕರೇ ಕಟ್ಟಿಕೊಂಡ ಸ್ವಯಂಸೇವಕರ ತಂಡ. ಆರಂಭ 1994ರಲ್ಲಿ, ಒತ್ತಾಸೆಯಾಗಿ ನಿಂತವರು ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ಕೆ. ಮನು.

ಶಿಂಷಾ ನದಿಗೆ ಹತ್ತಿರದ ಈ ಊರಿಗೆ ಚಳಿಗಾಲದ ಹೊತ್ತಿಗೆ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಬರುತ್ತವೆ. ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟಿ, ಬೇಸಗೆ ಮುಗಿಯುವವರೆಗೆ ಮರಿ ಸಾಕುತ್ತವೆ. ತವರಿಗೆ ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳು ಎಂದೇ ಊರವರು ಇವನ್ನು ಕಾಣುತ್ತಾರೆ. ಪ್ಲೇಗಿನ ಕಾಲಕ್ಕೆ ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂಬುದು ಅಲ್ಲಿನ ಮಾತು. ಹೊರಜಗತ್ತಿನ ಗಮನ ಇತ್ತ ಹರಿದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಈ ಗೂಡುತಾಣವನ್ನು ಬೆಳಕಿಗೆ ತಂದ ಮೇಲೆ.

ಬಳಗದ ಹೆಸರು ಹರಡಿದ್ದು ಮರಿಗಳ ಆರೈಕೆಯಿಂದ. ಗಾಳಿಗೋ, ಒಡಹುಟ್ಟಿದ ಮರಿಗಳ ನೂಕಾಟಕ್ಕೋ ಗೂಡಿನಿಂದ ಜಾರಿಬಿದ್ದ ಮರಿಗೆ ತಾಯಿ ನೆಲಕ್ಕಿಳಿದು ಉಣಿಸುವುದಿಲ್ಲ. ಹಸಿವು ಅಥವಾ ನಾಯಿ ಅದನ್ನು ಮುಗಿಸುತ್ತದೆ. ಅಂಥವನ್ನು ಎತ್ತಿ ತಂದು ಬಲೆ ಕಟ್ಟಿದ ಆವರಣದಲ್ಲಿಟ್ಟು, ಮೀನು ಹಾಕಿ, ರೆಕ್ಕೆ ಬಲಿತ ಮೇಲೆ ಬಿಡುವುದು ಬಳಗದ ವಾಡಿಕೆ. ಹೆಜ್ಜಾರ್ಲೆ ಮರಿಯ ಹೊಟ್ಟೆಬಾಕತನ ಬಲ್ಲವರಿಗೆ ಇದೆಂಥ ಖರ್ಚಿನ ಕೆಲಸ ಎಂಬುದು ಗೊತ್ತು.

ಆದರೆ ಹಕ್ಕಿಗಳ ಉಳಿವನ್ನು ನಿರ್ಧರಿಸುವುದು ಮರಗಳು. ಹುಣಸೆ ಹಣ್ಣಾಗುವುದೂ ಗೂಡಿನಲ್ಲಿ ಮೊಟ್ಟೆ-ಮರಿ ಇರುವುದೂ ಒಂದೇ ಕಾಲ. ಕೊಂಬೆ ಬಡಿದರೆ ಗೂಡು ಹೋಯಿತು, ಬಡಿಯದಿದ್ದರೆ ಮರದೊಡೆಯನ ಆದಾಯ ಹೋಯಿತು. ಹಿಂದೆ ಈ ನಷ್ಟವನ್ನು ಒಂದಿಷ್ಟು ತುಂಬಿಕೊಡುತ್ತಿದ್ದುದು ಹಕ್ಕಿಗಳ ಹಿಕ್ಕೆ: ಮರದಡಿ ಗುಂಡಿ ತೋಡಿ, ಕೆರೆಗೋಡು ತುಂಬಿ, ಮೇಲಿಂದ ಬಿದ್ದ ಹಿಕ್ಕೆ ಬೆರೆತ ಮಣ್ಣನ್ನು ರೈತರು ಹೊಲಕ್ಕೆ ಹೊಡೆಯುತ್ತಿದ್ದರು. ರಾಸಾಯನಿಕ ಗೊಬ್ಬರ ಬಂದ ಮೇಲೆ ಆ ಲೆಕ್ಕ ಸಡಿಲವಾಯಿತು. ಅರಣ್ಯ ಇಲಾಖೆ ಗೂಡಿರುವ ಮರಗಳಿಗೆ ಪರಿಹಾರ ಕೊಡುತ್ತದೆ. ಮರ ಕಡಿಯಬೇಡಿ ಎಂದು ಒಡೆಯರ ಮನವೊಲಿಸುವುದು, ಹೊಸ ಸಸಿ ನೆಡುವುದು ಬಳಗದ ಪಾಲು. ಫೋಟೊಗೆ ಒದಗದ ಈ ಕೆಲಸವೇ ಹೆಚ್ಚಿನದು.

ಖಾಸಗಿ ಮತ್ತು ಸಮುದಾಯದ ಜಮೀನನ್ನೂ ಸಂರಕ್ಷಣೆಗೆ ಒಳಪಡಿಸಲು ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿ ದಾರಿ ಮಾಡಿತ್ತು. ಅದರಂತೆ 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ಆದರೂ 2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಹೊಟ್ಟೆಯಲ್ಲಿ ದುಂಡುಹುಳುಗಳ ಬಾಧೆ ಕಂಡುಬಂತು. ಇಂಥ ಹುಳುಗಳು ಹಕ್ಕಿಯನ್ನು ಸೇರುವುದು ಮೀನಿನ ಮೂಲಕ. ಹಕ್ಕಿಗಳು ಮೇಯುವ ದೂರದ ಕೆರೆಗಳಾದರೋ 3.12 ಚದರ ಕಿಲೋಮೀಟರಿನ ಈ ಮೀಸಲಿನ ಹೊರಗಿವೆ.