ಪ್ರಾಸ್ಟೇಟ್ ಕ್ಯಾನ್ಸರ್: ಶಸ್ತ್ರಚಿಕಿತ್ಸೆಗೆ ಮುನ್ನ ಹರಡುವಿಕೆಯ ಚಿತ್ರಣ – ಇತಿಹಾಸ

ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರ್ ಇನ್ನೂ ಗ್ರಂಥಿಯೊಳಗೇ ಇದೆಯೇ, ಹೊರಗೆ ಹರಡಿದೆಯೇ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಅಂದಾಜು ಮಾಡಲು ಅಲ್ಟ್ರಾಸೌಂಡ್, ಸಿ.ಟಿ., ಎಂ.ಆರ್.ಐ., ಪೆಟ್ ಮುಂತಾದ ಚಿತ್ರಣ ವಿಧಾನಗಳನ್ನು ಬಳಸುತ್ತಾರೆ. ಈ ಕ್ಯಾನ್ಸರ್ ಹೆಚ್ಚಾಗಿ ಮೂರು ದಾರಿಗಳಲ್ಲಿ ಹರಡುತ್ತದೆ: ಗ್ರಂಥಿಯ ಹೊರಪದರ ದಾಟಿ ಪಕ್ಕದ ಕೊಬ್ಬಿಗೂ ವೀರ್ಯಕೋಶಗಳಿಗೂ ಇಳಿಯುತ್ತದೆ, ಶ್ರೋಣಿ ಭಾಗದ ದುಗ್ಧಗ್ರಂಥಿಗಳನ್ನು ಸೇರುತ್ತದೆ, ರಕ್ತದ ಮೂಲಕ ಮೂಳೆಗಳಿಗೆ ಹೋಗುತ್ತದೆ. ಗ್ರಂಥಿಯನ್ನು ತೆಗೆಯುವುದರಿಂದ ರೋಗಿಗೆ ಪೂರ್ತಿ ಗುಣವಾಗುತ್ತದೆಯೇ ಎಂಬುದು ಈ ಮೂರರಲ್ಲಿ ಏನಾಗಿದೆ ಎನ್ನುವುದರ ಮೇಲೆ ನಿಂತಿದೆ.

ಬೆರಳಿನ ಕಾಲ

ಲಂಡನ್ನಿನ ಶಸ್ತ್ರವೈದ್ಯ ಜಾನ್ ಆಡಮ್ಸ್ 1853ರಲ್ಲಿ ಸೂಕ್ಷ್ಮದರ್ಶಕದ ಪರೀಕ್ಷೆಯ ಆಧಾರದಿಂದ ಈ ರೋಗವನ್ನು ವರ್ಣಿಸಿದಾಗ ಅದನ್ನು ಬಲು ಅಪರೂಪದ ಕಾಯಿಲೆಯೆಂದೇ ಭಾವಿಸಿದ್ದರು. 1904ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಕ್ಯಾನ್ಸರ್ ತಗುಲಿದ ಗ್ರಂಥಿಯನ್ನು ಇಡಿಯಾಗಿ ತೆಗೆಯುವ ಶಸ್ತ್ರಚಿಕಿತ್ಸೆ ಆರಂಭಿಸಿದರು. ಯಾರಿಗೆ ಈ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ತಿಳಿಯಲು ಆಗ ವೈದ್ಯರಿಗಿದ್ದ ಮುಖ್ಯ ಸಾಧನ ತೋರುಬೆರಳು. ಗುದದ್ವಾರದ ಮೂಲಕ ಗ್ರಂಥಿಯನ್ನು ಮುಟ್ಟಿ, ಗಂಟು ಗಟ್ಟಿಯಾಗಿದೆಯೇ, ಅಂಚು ದಾಟಿದೆಯೇ ಎಂದು ನಿರ್ಧರಿಸುತ್ತಿದ್ದರು. ಬೆರಳಿಗೆ ಸಿಗುವುದು ಗ್ರಂಥಿಯ ಹಿಂಬದಿ ಮಾತ್ರ. ಮುಂಭಾಗದ ಗಡ್ಡೆಯಾಗಲಿ, ದುಗ್ಧಗ್ರಂಥಿಯಲ್ಲಿ ಅಡಗಿದ ಜೀವಕೋಶಗಳಾಗಲಿ ಅದಕ್ಕೆ ಸಿಗುವುದಿಲ್ಲ.

1982ರ ನಂತರ ಈ ಅಂದಾಜಿನ ಬೆಲೆ ಇಮ್ಮಡಿಯಾಯಿತು. ಅಮೆರಿಕದ ಶಸ್ತ್ರವೈದ್ಯ ಪ್ಯಾಟ್ರಿಕ್ ವಾಲ್ಷ್ ಮತ್ತು ನೆದರ್ಲೆಂಡ್ಸ್‌ನ ಪೀಟರ್ ಡೊಂಕರ್ 1981ರಲ್ಲಿ ಲೈಡನ್ ನಗರದಲ್ಲಿ ನಿಮಿರುವಿಕೆಯ ನರಗಳ ಜಾಡನ್ನು ಗುರುತಿಸಿದ್ದರು. ಆ ನರಗಳು ಗ್ರಂಥಿಯ ಒಳಗಿಲ್ಲ. ಎರಡೂ ಮಗ್ಗುಲಿನಲ್ಲಿ ಹೊರಪದರಕ್ಕೆ ಅಂಟಿದಂತೆ ಹೋಗುತ್ತವೆ. ಮರುವರ್ಷ ವಾಲ್ಷ್ ಅವನ್ನು ಉಳಿಸಿಯೇ ಗ್ರಂಥಿ ತೆಗೆದರು. ಅಂದಿನಿಂದ ಶಸ್ತ್ರವೈದ್ಯನಿಗೆ ಎದುರಾದದ್ದು ಕಠಿಣ ಆಯ್ಕೆ. ಕ್ಯಾನ್ಸರ್ ಹೊರಪದರ ದಾಟಿದ ಕಡೆ ನರ ಉಳಿಸಿದರೆ ರೋಗ ಉಳಿಯಬಹುದು. ದಾಟದ ಕಡೆ ನರ ಕತ್ತರಿಸಿದರೆ ರೋಗಿಯ ದಾಂಪತ್ಯ ಸುಖವನ್ನು ವಿನಾಕಾರಣ ಕಸಿದಂತೆ. ಒಂದೆರಡು ಮಿಲಿಮೀಟರುಗಳ ಈ ಪ್ರಶ್ನೆಗೆ ಬೆರಳಿನಲ್ಲಿ ಉತ್ತರವಿರಲಿಲ್ಲ.

ಅಂಕಿಗಳ ಕೋಷ್ಟಕ

ಮೊದಲ ಉತ್ತರ ಬಂದದ್ದು ಚಿತ್ರದಿಂದಲ್ಲ, ಲೆಕ್ಕದಿಂದ. 1993ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಅಲನ್ ಪಾರ್ಟಿನ್ ಮತ್ತು ಸಂಗಡಿಗರು ರಕ್ತದಲ್ಲಿ ಪಿ.ಎಸ್.ಎ. ಎಂಬ ಪ್ರಾಸ್ಟೇಟ್ ಪ್ರೋಟೀನಿನ ಪ್ರಮಾಣ, ಬಯಾಪ್ಸಿಯಲ್ಲಿ ಕ್ಯಾನ್ಸರಿನ ಉಗ್ರತೆ ಸೂಚಿಸುವ ಗ್ಲೀಸನ್ ಅಂಕ ಮತ್ತು ಬೆರಳಿನ ಪರೀಕ್ಷೆ ತೋರಿದ ಹಂತ ಇವನ್ನು ಸೇರಿಸಿ, ಹರಡುವಿಕೆಯ ಸಂಭವವನ್ನು ಶೇಕಡಾವಾರು ಹೇಳುವ ಕೋಷ್ಟಕಗಳನ್ನು ಪ್ರಕಟಿಸಿದರು. 1997ರಲ್ಲಿ ಮೂರು ಸಂಸ್ಥೆಗಳ 4,133 ರೋಗಿಗಳ ದಾಖಲೆಯಿಂದ ಅವು ಪರಿಷ್ಕೃತವಾದವು. ಇದೇ ಬಗೆಯ ರೋಗಿಗಳು ನೂರು ಮಂದಿಯಿದ್ದರೆ ಎಷ್ಟು ಮಂದಿಗೆ ಹರಡಿರಬಹುದು ಎಂಬುದನ್ನು ಕೋಷ್ಟಕ ಹೇಳಬಲ್ಲದು. ಆದರೆ ಎದುರಿಗೆ ಕುಳಿತ ಈ ಒಬ್ಬರಿಗೆ ಎಲ್ಲಿ, ಯಾವ ಮಗ್ಗುಲಿನಲ್ಲಿ ಎಂಬುದನ್ನು ಹೇಳಲಾರದು. ಅದಕ್ಕೆ ಚಿತ್ರವೇ ಬೇಕು.

ಮೊದಲ ಚಿತ್ರಗಳು

ಚಿತ್ರ ಪಡೆಯುವ ಯತ್ನ ಈ ಕೋಷ್ಟಕಗಳಿಗಿಂತ ಹಳೆಯದು. ಜಪಾನಿನ ಹಿರೋಕಿ ವಾಟನಬೆ 1960ರ ದಶಕದ ಕೊನೆಯಲ್ಲಿ ಗುದನಾಳದ ಮೂಲಕ ಅಲ್ಟ್ರಾಸೌಂಡ್ ಹಾಯಿಸಿ ಪ್ರಾಸ್ಟೇಟಿನ ಚಿತ್ರ ಪಡೆದರು. ಅವರ ಉಪಕರಣವನ್ನು ಕುರ್ಚಿಯೊಂದರಲ್ಲಿ ಅಳವಡಿಸಲಾಗಿತ್ತು. ರೋಗಿ ಅದರ ಮೇಲೆ ಕೂರಬೇಕಿತ್ತು. ಮುಂದೆ ಈ ವಿಧಾನ ಬಯಾಪ್ಸಿ ಸೂಜಿಗೆ ದಾರಿ ತೋರಿಸಲು ಬಹಳ ನೆರವಾಯಿತಾದರೂ ಹರಡುವಿಕೆ ಅಳೆಯಲು ಸಾಲಲಿಲ್ಲ. 1970ರ ದಶಕದಲ್ಲಿ ಟೆಕ್ನೀಷಿಯಂ ಬಳಸುವ ಮೂಳೆ ಸ್ಕ್ಯಾನೂ ಸಿ.ಟಿ.ಯೂ ಬಳಕೆಗೆ ಬಂದವು. ಸಿ.ಟಿ. ದುಗ್ಧಗ್ರಂಥಿಯನ್ನು ಅಳೆಯುವುದು ಗಾತ್ರದಿಂದ: ಸುಮಾರು 8–10 ಮಿ.ಮೀ. ದಾಟಿದರೆ ಸಂಶಯ. ಆದರೆ ಈ ಕ್ಯಾನ್ಸರ್ ತಲುಪಿದ ದುಗ್ಧಗ್ರಂಥಿಗಳಲ್ಲಿ ಅನೇಕವು ಊದಿಕೊಳ್ಳದೆ, ನೋಡಲು ಆರೋಗ್ಯವಾಗಿಯೇ ಇರುತ್ತವೆ.

ಎಂ.ಆರ್.ಐ.

1980ರ ದಶಕದಲ್ಲಿ ಬಂದ ಎಂ.ಆರ್.ಐ. ಗ್ರಂಥಿಯ ಒಳರಚನೆಯನ್ನೇ ತೆರೆದು ತೋರಿಸಿತು. ಟಿ2 ಎಂಬ ಬಗೆಯ ಚಿತ್ರದಲ್ಲಿ ಗ್ರಂಥಿಯ ಹೊರವಲಯ ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರ್ ಇದ್ದ ಕಡೆ ಕಪ್ಪು ಮಚ್ಚೆ. ಆ ಮಚ್ಚೆ ಹೊರಪದರವನ್ನು ಎಷ್ಟು ಉದ್ದಕ್ಕೆ ತಾಗಿಕೊಂಡಿದೆ, ಅಂಚು ಉಬ್ಬಿದೆಯೇ, ಗೆರೆ ಎಲ್ಲಾದರೂ ಕಡಿದಿದೆಯೇ ಎಂದು ರೇಡಿಯಾಲಜಿಸ್ಟ್ ಹುಡುಕುತ್ತಾರೆ. ಮುಂದೆ ನೀರಿನ ಅಣುಗಳ ಚಲನೆಯನ್ನು ಅಳೆಯುವ ಡಿಫ್ಯೂಷನ್ ಚಿತ್ರಣ ಸೇರಿತು. ಕಿಕ್ಕಿರಿದ ಕ್ಯಾನ್ಸರ್ ಜೀವಕೋಶಗಳ ನಡುವೆ ನೀರು ಸರಾಗವಾಗಿ ಸರಿಯಲಾರದು. ಆ ತಡೆಯೇ ಚಿತ್ರದಲ್ಲಿ ಗುರುತಾಗುತ್ತದೆ. ವರದಿಗಳು ಎಲ್ಲೆಡೆ ಒಂದೇ ರೀತಿ ಇರಲೆಂದು 2012ರಲ್ಲಿ ಯುರೋಪಿನ ತಜ್ಞರು ಪೈ-ರ್ಯಾಡ್ಸ್ ಎಂಬ 1ರಿಂದ 5ರವರೆಗಿನ ಅಂಕಪದ್ಧತಿ ರೂಪಿಸಿದರು.

ಮಿತಿಯೂ ಸ್ಪಷ್ಟವಾಯಿತು. 2016ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಂ.ಆರ್.ಐ. ಹೊರಪದರ ದಾಟಿದೆ ಎಂದರೆ ಆ ಮಾತನ್ನು ಬಹುಮಟ್ಟಿಗೆ ನಂಬಬಹುದಿತ್ತು; ಆದರೆ ನಿಜವಾಗಿ ದಾಟಿದ ಪ್ರಕರಣಗಳಲ್ಲಿ ಅದು ಪತ್ತೆಹಚ್ಚಿದ್ದು ಶೇ. 57ರಷ್ಟನ್ನು ಮಾತ್ರ.

ದುಗ್ಧಗ್ರಂಥಿಯ ಒಗಟು

2003ರಲ್ಲಿ ಮುಕೇಶ್ ಹರಿಸಿಂಘಾನಿ ಮತ್ತು ಸಂಗಡಿಗರು ಗಾತ್ರದ ಅಳತೆಯನ್ನೇ ಬಿಟ್ಟು ಬೇರೆ ದಾರಿ ಹಿಡಿದರು. 80 ರೋಗಿಗಳಿಗೆ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ಚುಚ್ಚಿದರು. ಆರೋಗ್ಯವಂತ ದುಗ್ಧಗ್ರಂಥಿಯ ರಕ್ಷಕ ಕೋಶಗಳು ಆ ಕಣಗಳನ್ನು ನುಂಗುವುದರಿಂದ ಅದು ಎಂ.ಆರ್.ಐ.ಯಲ್ಲಿ ಕಪ್ಪಾಗುತ್ತದೆ, ಕ್ಯಾನ್ಸರ್ ಆಕ್ರಮಿಸಿದ ಭಾಗ ಬೆಳ್ಳಗೇ ಉಳಿಯುತ್ತದೆ. ಫಲಿತಾಂಶ ಬೆರಗು ಹುಟ್ಟಿಸಿದರೂ ಈ ಔಷಧ ವ್ಯಾಪಕ ಬಳಕೆಗೆ ಬರಲಿಲ್ಲ. ಆದರೆ ಆಕಾರವನ್ನು ಅಳೆಯುವ ಬದಲು ಜೀವಕೋಶದ ಗುಣವನ್ನೇ ಕೇಳಬೇಕೆಂಬ ಪಾಠ ಉಳಿಯಿತು.

ಪಿ.ಎಸ್.ಎಂ.ಎ. ಪೆಟ್

ಆ ಪಾಠಕ್ಕೆ ಫಲ ಕೊಟ್ಟದ್ದು ಪಿ.ಎಸ್.ಎಂ.ಎ. ಇದು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಹೊರಮೈಯಲ್ಲಿ ಹೇರಳವಾಗಿರುವ ಒಂದು ಪ್ರೋಟೀನು. ರಕ್ತದಲ್ಲಿ ಅಳೆಯುವ ಪಿ.ಎಸ್.ಎ.ಗಿಂತ ಬೇರೆ. 1993ರಲ್ಲಿ ವಿಜ್ಞಾನಿಗಳು ಇದರ ಜೀನನ್ನು ಬೇರ್ಪಡಿಸಿದರು. 1996ರಲ್ಲಿ ಬಂದ ಪ್ರೊಸ್ಟಾಸಿಂಟ್ ಎಂಬ ಮೊದಲ ಸ್ಕ್ಯಾನ್ ನಿರಾಸೆ ಮೂಡಿಸಿತು. ಅದರ ಪ್ರತಿಕಾಯ ಅಂಟಿಕೊಳ್ಳುತ್ತಿದ್ದದ್ದು ಪ್ರೋಟೀನಿನ ಒಳತುದಿಗೆ, ಜೀವಂತ ಕೋಶದಲ್ಲಿ ಅದು ಕೈಗೆಟುಕದು. 2011ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನ ತಂಡ ಹೊರತುದಿಗೆ ಅಂಟುವ ಪುಟ್ಟ ಅಣುವಿಗೆ ವಿಕಿರಣಶೀಲ ಗ್ಯಾಲಿಯಂ-68 ಜೋಡಿಸಿ ರೋಗಿಗಳಲ್ಲಿ ಬಳಸಿತು.

ಗ್ಯಾಲಿಯಂ-68ರ ಅರ್ಧಾಯುಷ್ಯ ಕೇವಲ 68 ನಿಮಿಷ. ಔಷಧವನ್ನು ಸಿದ್ಧಪಡಿಸಿದ ಕೂಡಲೇ ಚುಚ್ಚಬೇಕು. ರೋಗಿ ಸುಮಾರು ಒಂದು ಗಂಟೆ ಕಾದು, ಮೂತ್ರ ವಿಸರ್ಜಿಸಿ, ಸ್ಕ್ಯಾನರಿನಲ್ಲಿ ಮಲಗಬೇಕು. ಮೂತ್ರಕೋಶ ಖಾಲಿಯಿಲ್ಲದಿದ್ದರೆ ಮೂತ್ರದಲ್ಲಿ ಸೇರಿದ ಔಷಧದ ಹೊಳಪಿನಲ್ಲಿ ಪಕ್ಕದ ಪುಟ್ಟ ದುಗ್ಧಗ್ರಂಥಿ ಮುಚ್ಚಿಹೋಗುತ್ತದೆ. ಇಂದು ಬೆಂಗಳೂರಿನ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ನಡೆಯುತ್ತದೆ.

2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರೊ-ಪಿ.ಎಸ್.ಎಂ.ಎ. ಪ್ರಯೋಗ ನಿರ್ಣಾಯಕವಾಯಿತು. ಮೈಕಲ್ ಹಾಫ್‌ಮನ್ ನೇತೃತ್ವದಲ್ಲಿ 10 ಕೇಂದ್ರಗಳ ಹೆಚ್ಚು ಅಪಾಯದ 302 ರೋಗಿಗಳಲ್ಲಿ ಚಿಕಿತ್ಸೆಗೆ ಮೊದಲು ಹೊಸ ಸ್ಕ್ಯಾನನ್ನೂ ಹಳೆಯ ಸಿ.ಟಿ.–ಮೂಳೆ ಸ್ಕ್ಯಾನ್ ಜೋಡಿಯನ್ನೂ ಹೋಲಿಸಲಾಯಿತು. ನಿಖರತೆ ಹೊಸದರಲ್ಲಿ ಶೇ. 92, ಹಳೆಯದರಲ್ಲಿ ಶೇ. 65, ವಿಕಿರಣದ ಪ್ರಮಾಣವೂ ಹೊಸದರಲ್ಲಿ ಅರ್ಧಕ್ಕಿಂತ ಕಡಿಮೆ. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕ ಗ್ಯಾಲಿಯಂ ಪಿ.ಎಸ್.ಎಂ.ಎ.ಗೆ ಅನುಮತಿ ನೀಡಿತು.

ಮಿತಿಗಳು

ಆದರೂ ಶುಭ್ರವಾದ ಚಿತ್ರ ಶುಭ್ರವಾದ ದೇಹವಲ್ಲ. 2021ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಲ್ಲಿ 277 ಮಂದಿಗೆ ಸ್ಕ್ಯಾನಿನ ನಂತರ ಶಸ್ತ್ರಚಿಕಿತ್ಸೆಯಾಯಿತು. ತೆಗೆದ ದುಗ್ಧಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ರೋಗ ಇಲ್ಲದವರಲ್ಲಿ ಶೇ. 95ರಷ್ಟು ಮಂದಿಯ ಬಗ್ಗೆ ಸ್ಕ್ಯಾನ್ ಸರಿಯಾಗಿ ಹೇಳಿತ್ತು; ರೋಗ ಇದ್ದವರಲ್ಲಿ ಗುರುತಿಸಿದ್ದು ಶೇ. 40ರಷ್ಟು ಮಾತ್ರ. ಕೆಲವೇ ಮಿಲಿಮೀಟರಿನ ನೆಲೆಗಳು ಪೆಟ್ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಕೆಲವು ಗಡ್ಡೆಗಳಲ್ಲಿ ಈ ಪ್ರೋಟೀನೇ ವಿರಳ. ಇನ್ನೊಂದು ಪ್ರಶ್ನೆಯೂ ಇದೆ: ಹಿಂದೆ ಯಾವ ಯಂತ್ರಕ್ಕೂ ಕಾಣದಿದ್ದ ಚುಕ್ಕೆ ಇಂದು ಕಂಡಿತೆಂದು ಶಸ್ತ್ರಚಿಕಿತ್ಸೆಯನ್ನೇ ಕೈಬಿಡುವುದು ಸರಿಯೇ? ಹಳೆಯ ಪ್ರಯೋಗಗಳು ಹಳೆಯ ಸ್ಕ್ಯಾನುಗಳ ಮೇಲೆ ನಿಂತವು. ಅವುಗಳ ತೀರ್ಮಾನವನ್ನು ಹಾಗೆಯೇ ಎತ್ತಿ ಇಲ್ಲಿಗೆ ಅನ್ವಯಿಸಲಾಗದು.

ಹೀಗಾಗಿ ಹೊಸದು ಹಳೆಯದನ್ನು ಅಳಿಸಲಿಲ್ಲ. ಹೊರಪದರದ ಅಂಚಿಗೆ ಎಂ.ಆರ್.ಐ., ದುಗ್ಧಗ್ರಂಥಿ ಮತ್ತು ಮೂಳೆಗೆ ಪೆಟ್, ಇವೆರಡರ ಜೊತೆಗೆ ಪಿ.ಎಸ್.ಎ. ಮತ್ತು ಬಯಾಪ್ಸಿಯ ಅಂಕಗಳು: ಎಲ್ಲವನ್ನೂ ಒಂದೇ ಲೆಕ್ಕಕ್ಕೆ ತರುವ ಮುನ್ಸೂಚಕಗಳು ಈಗ ಬಳಕೆಯಲ್ಲಿವೆ. ಯಂತ್ರ ಕೊಡುವುದು ತೀರ್ಪಲ್ಲ, ಸಂಭವ. ಅದನ್ನು ಸಂಭವವೆಂದೇ ರೋಗಿಗೆ ತಿಳಿಸಿ, ಯಾವ ಮಗ್ಗುಲಿನ ನರ ಉಳಿಸುವುದು, ಎಷ್ಟು ದುಗ್ಧಗ್ರಂಥಿ ತೆಗೆಯುವುದು ಎಂಬುದನ್ನು ಅವರೊಡನೆ ಕೂತು ನಿರ್ಧರಿಸುವ ಹೊಣೆ ಇಂದಿಗೂ ವೈದ್ಯರದೇ.